ಸಭೆಯ ಸೇವೆಯು ಯಾರದು?



ನಮ್ಮ ಹಳ್ಳಿಯ ಸಭೆಗಳಲ್ಲಿ ಆಗಾಗ್ಗೆ ಕೇಳಬರುವ ಒಂದು ಮಾತುಂಟು. ರೋಗದಲ್ಲಿ ಬಿದ್ದಿರುವವನು ಪ್ರಾರ್ಥನೆಗಾಗಿ ಹೇಳಿಕಳುಹಿಸಿದರೆ, "ಅಯ್ಯನವರು ಬರಲಿ" ಎನ್ನುತ್ತೇವೆ. ಅಣ್ಣತಮ್ಮಂದಿರು ಹೊಲದ ಬದುವಿನ ವಿಷಯವಾಗಿ ಮನಸ್ತಾಪಪಟ್ಟು ದೇವಾಲಯದಲ್ಲಿ ಬೇರೆ ಬೇರೆ ಮೂಲೆಗಳಲ್ಲಿ ಕುಳಿತರೆ, "ಅಯ್ಯನವರು ಬಂದು ಸರಿಮಾಡಲಿ" ಎನ್ನುತ್ತೇವೆ. ನೆರೆಯವನು ಕ್ರಿಸ್ತನ ವಿಷಯವಾಗಿ ಒಂದು ಪ್ರಶ್ನೆ ಕೇಳಿದರೆ, "ಅಯ್ಯನವರನ್ನು ಕೇಳಿ ಹೇಳುತ್ತೇನೆ" ಎನ್ನುತ್ತೇವೆ. ಅಯ್ಯನವರಾದರೋ ಎಂಟು ಹತ್ತು ಹಳ್ಳಿಗಳನ್ನು ನೋಡಿಕೊಳ್ಳತಕ್ಕವರು. ತಿಂಗಳಿಗೆ ಒಂದಾವರ್ತಿ ಬಂದರೆ ಹೆಚ್ಚು. ಅವರು ಬರುವಷ್ಟರಲ್ಲಿ ರೋಗಿಯು ತೀರಿಹೋಗಿರಬಹುದು, ಮನಸ್ತಾಪವು ಹಗೆಯಾಗಿ ಬೇರೂರಿರಬಹುದು, ಪ್ರಶ್ನೆ ಕೇಳಿದವನು ಕೇಳಿದ್ದನ್ನೇ ಮರೆತಿರಬಹುದು.

ಇದು ಕೇವಲ ಕೆಲಸದವರ ಕೊರತೆಯೆಂದೂ, ಇನ್ನು ನಾಲ್ವರು ಬೋಧಕರನ್ನು ನೇಮಿಸಿದರೆ ಸರಿಹೋಗುವದೆಂದೂ ಹೇಳುವವರಿದ್ದಾರೆ. ಬೋಧಕರು ಹೆಚ್ಚಬೇಕೆಂಬದು ನಿಜವೇ. ಆದರೆ ಆ ಕೊರತೆಯ ಕೆಳಗೆ ಬೇರೊಂದು ಪ್ರಶ್ನೆಯು ಅಡಗಿದೆ. ಅದು ಏರ್ಪಾಡಿನ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಸಭೆಯ ಸೇವೆಯು ಯಾರದು? ಅದು ಬೋಧಕರ ಸ್ವತ್ತಾಗಿದ್ದು, ಅವರು ಇಲ್ಲದಿರುವಾಗ ಮಾತ್ರ ಸಾಮಾನ್ಯ ವಿಶ್ವಾಸಿಗಳಿಗೆ ಕೈಬದಲಾಗಿ ಕೊಡತಕ್ಕದ್ದೋ? ಇಲ್ಲವೆ ದೀಕ್ಷಾಸ್ನಾನ ಹೊಂದಿದ ಎಲ್ಲರಿಗೂ ಸೇರಿದ್ದಾಗಿದ್ದು, ಅದನ್ನು ಸರಿಯಾಗಿ ನಡಿಸುವಂತೆ ಅವರನ್ನು ಸಿದ್ಧಮಾಡುವದೇ ಬೋಧಕರ ಕೆಲಸವೋ? ಮೊದಲನೆಯದು ನಿಜವಾದರೆ, ಸಾಮಾನ್ಯರಿಗೆ ತರಬೇತು ಕೊಡುವದು ಒಂದು ಉಪಕಾರ, ಕೊಡದಿದ್ದರೂ ತಪ್ಪಿಲ್ಲ. ಎರಡನೆಯದು ನಿಜವಾದರೆ, ಅದು ತೀರಿಸಬೇಕಾದ ಸಾಲ. ಕೊಡದಿರುವದು ಪರರ ಸ್ವತ್ತನ್ನು ಹಿಡಿದಿಟ್ಟುಕೊಂಡಂತೆಯೇ. ಎರಡನೆಯದೇ ನಿಜವೆಂಬದನ್ನೂ, ಅದರಿಂದ ಬೋಧಕರಿಗೂ ಸಭಿಕರಿಗೂ ಬರುವ ಹೊಣೆಯು ಎಂಥದೆಂಬದನ್ನೂ ಈ ಲೇಖನದಲ್ಲಿ ವಿಚಾರಿಸುವ.

ಸತ್ಯವೇದದಲ್ಲಿ ಈ ವಿಷಯವಾಗಿ ಮೋಶೆಯ ಚರಿತ್ರೆಯೊಳಗೆ ಎರಡು ಸಂಗತಿಗಳಿವೆ. ಅವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಬೇಕು. ಮೊದಲನೆಯದು ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಮೋಶೆಯು ಬೆಳಗಿನಿಂದ ಸಂಜೆಯ ವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿರುವದನ್ನು ಅವನ ಮಾವನಾದ ಇತ್ರೋನನು ಕಂಡು, ಇದರಿಂದ ನೀನೂ ಬಳಲುವಿ, ಜನರೂ ಬಳಲುವರು ಎಂದು ಎಚ್ಚರಿಸಿದನು. ಜನರಿಗೆ ದೇವರ ವಿಧಿಗಳನ್ನು ಕಲಿಸಿ, ದೇವಭಯವುಳ್ಳವರೂ ಲಂಚ ಮುಟ್ಟದವರೂ ಆದ ಸಮರ್ಥರನ್ನು ಆರಿಸಿ, ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನೇಮಿಸೆಂದು ಬುದ್ಧಿಹೇಳಿದನು. ಇಲ್ಲಿ ಹೊರೆಯನ್ನು ಹಂಚಿದ್ದು ಅದು ಒಬ್ಬನಿಗೆ ಭಾರವಾದದ್ದರಿಂದ. ಇದು ವಿವೇಕದ ಮಾತು. ಹತ್ತು ಜನರ ಕೈಕಡ್ಡಿ ಒಬ್ಬನ ತಲೆಹೊರೆಯೆಂದು ನಮ್ಮ ಹಿರಿಯರೂ ಹೇಳಿದ್ದಾರೆ.

ಎರಡನೆಯ ಸಂಗತಿಯು ಇದಕ್ಕಿಂತ ಆಳವಾದದ್ದು. ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಎಪ್ಪತ್ತು ಮಂದಿ ಹಿರಿಯರ ಮೇಲೆ ದೇವರ ಆತ್ಮವು ಬಂದಾಗ, ಎಲ್ದಾದ್ ಮೇದಾದ್ ಎಂಬ ಇಬ್ಬರು ಗುಡಾರದ ಬಳಿಗೆ ಬಾರದೆ ಪಾಳೆಯದಲ್ಲೇ ಪ್ರವಾದಿಸತೊಡಗಿದರು. ಯೆಹೋಶುವನು ಗಾಬರಿಗೊಂಡು, ಅವರನ್ನು ತಡೆಯಬೇಕೆಂದು ಮೋಶೆಯನ್ನು ಬೇಡಿಕೊಂಡನು. ಮೋಶೆಯಾದರೋ, ನನ್ನ ಗೌರವಕ್ಕಾಗಿ ನೀನು ಹೊಟ್ಟೆಕಿಚ್ಚು ಪಡುತ್ತೀಯಾ ಎಂದು ಕೇಳಿ, ಕರ್ತನ ಜನರೆಲ್ಲರೂ ಪ್ರವಾದಿಗಳಾಗುವದನ್ನೇ ತಾನು ಬಯಸುವೆನೆಂದು ಹೇಳಿದನು. ಮೋಶೆಯ ಈ ಉತ್ತರದಲ್ಲಿ ಹೊರೆಯ ಮಾತೇ ಇಲ್ಲ. ಆತ್ಮನು ಯಾರಿಗೆ ಕೊಡಲ್ಪಟ್ಟಿದ್ದಾನೋ ಅವರಿಗೆ ಸೇವೆಯ ಹಕ್ಕೂ ಕೊಡಲ್ಪಟ್ಟಿದೆ. ಅದನ್ನು ತಡೆಯುವದಕ್ಕೆ ಮೋಶೆಗೂ ಮನಸ್ಸಿಲ್ಲ. ನಮ್ಮಲ್ಲಿ ಅನೇಕರು ಇತ್ರೋನನ ಬುದ್ಧಿವಾದದ ವರೆಗೆ ಬಂದಿದ್ದೇವೆ. ಮೋಶೆಯ ಆಶೆಯ ವರೆಗೆ ಬಂದವರು ಕೊಂಚ ಜನ.

ಹೊಸ ಒಡಂಬಡಿಕೆಯಲ್ಲಿ ಮೋಶೆಯ ಆ ಆಶೆಯು ನೆರವೇರಿತು. ಸ್ತೆಫನನ ಮರಣದ ನಂತರ ಯೆರೂಸಲೇಮಿನಲ್ಲಿ ಹಿಂಸೆಯುಂಟಾದಾಗ, ಅಪೊಸ್ತಲರ ಹೊರತು ಮಿಕ್ಕವರೆಲ್ಲರೂ ಚದರಿಹೋದರೆಂದೂ, ಹಾಗೆ ಚದರಿಹೋದವರು ಹೋದ ಹೋದಲ್ಲಿ ಸುವಾರ್ತೆಯನ್ನು ಸಾರಿದರೆಂದೂ ಲೂಕನು ಬರೆದಿದ್ದಾನೆ (ಅ. ಕೃ. 8:1–4). ಅಪೊಸ್ತಲರು ಉಳಿದುಕೊಂಡರು; ಸಾರುತ್ತಾ ಹೋದವರು ಸಾಮಾನ್ಯರು. ಅಂತಿಯೋಕ್ಯ ಪಟ್ಟಣದಲ್ಲಿ ಗ್ರೀಕರಿಗೆ ಕರ್ತನಾದ ಯೇಸುವನ್ನು ತಿಳಿಸಿದವರು ಕುಪ್ರ ಮತ್ತು ಕುರೇನ್ಯದ ಕೆಲವರು (ಅ. ಕೃ. 11:20). ಅವರ ಹೆಸರುಗಳನ್ನು ಸಹ ಲೂಕನು ಬರೆದಿಲ್ಲ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅದೇ ಸಭೆಯಲ್ಲಿ. ಪೌಲನನ್ನೂ ಬಾರ್ನಬನನ್ನೂ ಅನ್ಯಜನಗಳ ಬಳಿಗೆ ಕಳುಹಿಸಿದ್ದೂ ಅದೇ ಸಭೆ. ಹೆಸರಿಲ್ಲದವರು ಹಾಕಿದ ಬೀಜದಿಂದ ಬೆಳೆದ ಸಭೆಯು ಲೋಕಕ್ಕೆ ಅಪೊಸ್ತಲರನ್ನು ಕೊಟ್ಟಿತು.

ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದ 11 ಮತ್ತು 12ನೆಯ ವಚನಗಳನ್ನು ವಾಚಕರು ತೆಗೆದು ನೋಡಬೇಕು. ಅಪೊಸ್ತಲರು, ಪ್ರವಾದಿಗಳು, ಸುವಾರ್ತಿಕರು, ಸಭಾಪಾಲಕರು, ಉಪದೇಶಿಗಳು ಇವರೆಲ್ಲರನ್ನು ಕ್ರಿಸ್ತನು ಸಭೆಗೆ ದಾನವಾಗಿ ಕೊಟ್ಟನೆಂದು ಪೌಲನು ಹೇಳುತ್ತಾನೆ. ಯಾತಕ್ಕಾಗಿ? ದೇವಜನರು ಸೇವೆಯ ಕೆಲಸಕ್ಕೆ ಯೋಗ್ಯರಾಗುವಂತೆ ಅವರನ್ನು ಸಿದ್ಧಮಾಡುವದಕ್ಕಾಗಿ. ಸೇವೆಯ ಕೆಲಸವು ದೇವಜನರದು. ಸಿದ್ಧಮಾಡುವ ಕೆಲಸವು ಸಭಾಪಾಲಕರದು. ಸಾಮಾನ್ಯ ವಿಶ್ವಾಸಿಯನ್ನು ಕುರಿತು ಇಂಗ್ಲಿಷಿನಲ್ಲಿ ಹೇಳುವ ಲೇಮನ್ ಎಂಬ ಮಾತು ಸಹ ಇದಕ್ಕೆ ಸಾಕ್ಷಿಯಾಗಿದೆ. ಅದು ಗ್ರೀಕಿನ ಲಾವೊಸ್ ಎಂಬ ಶಬ್ದದಿಂದ ಬಂದದ್ದು. ಆ ಶಬ್ದಕ್ಕೆ ಅರಿಯದವನು, ಕೆಳಗಿನವನು ಎಂಬ ಅರ್ಥವಿಲ್ಲ. ಜನ, ಪ್ರಜೆ ಎಂಬುದೇ ಅದರ ಅರ್ಥ. ದೇವರ ಪ್ರಜೆಯೆಂದಾಗ ಬೋಧಕನೂ ಅದರೊಳಗೇ ಇದ್ದಾನೆ. ಮಾರ್ಟಿನ್ ಲೂಥರನು 1520ರಲ್ಲಿ ಜರ್ಮನ್ ದೇಶದ ಪ್ರಭುಗಳಿಗೆ ಬರೆದ ಪುಸ್ತಕದಲ್ಲಿ ಇದನ್ನೇ ವಾದಿಸಿದನು. ದೀಕ್ಷಾಸ್ನಾನವು ಎಲ್ಲರನ್ನೂ ಯಾಜಕರನ್ನಾಗಿ ಮಾಡುತ್ತದೆ, ಚಮ್ಮಾರನಿಗೂ ಒಕ್ಕಲಿಗನಿಗೂ ಬೋಧಕನಿಗೂ ಇರುವ ಭೇದವು ಉದ್ಯೋಗದ ಭೇದವೇ ಹೊರತು ಅಂತಸ್ತಿನ ಭೇದವಲ್ಲವೆಂಬದು ಅವನ ತಾತ್ಪರ್ಯ.

ನಮ್ಮ ನೆರೆಯ ತೆಲುಗು ಸೀಮೆಯಲ್ಲಿ ಈ ಸತ್ಯವನ್ನು ಒಬ್ಬ ಭಾರತೀಯನು ಹಳ್ಳಿಗರಿಗೆ ಕಣ್ಣಿಗೆ ಕಾಣುವಂತೆ ಕಲಿಸಿದನು. ವೇ. ಸ. ಅಜರಯ್ಯನವರು 1912ರಲ್ಲಿ ದೋರ್ನಕಲ್ಲಿನ ಬಿಷಪರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಯನ್ನು ಹೊಂದಿದ ಮೊದಲನೆಯ ಭಾರತೀಯರು ಅವರೇ. ಅವರ ಸಭೆಗಳಲ್ಲಿ ಬಹುಮಂದಿ ಬಡ ಕೂಲಿಯವರು, ಅಕ್ಷರ ಬಾರದವರು. ದೀಕ್ಷಾಸ್ನಾನ ಹೊಂದಿದವರು ತಮ್ಮ ಕೈಯನ್ನು ತಮ್ಮ ತಲೆಯ ಮೇಲೆಯೇ ಇಟ್ಟುಕೊಂಡು, ತಾವು ದೀಕ್ಷಾಸ್ನಾನ ಹೊಂದಿದವರೆಂದೂ, ಸುವಾರ್ತೆಯನ್ನು ಸಾರದೆ ಹೋದರೆ ತಮಗೆ ಕೇಡೆಂದೂ ಪೌಲನು ಹೇಳಿದ ಪ್ರಕಾರ ಹೇಳುವ ವಾಡಿಕೆಯನ್ನು ಅವರು ನಡಿಸಿದರು. ಬೋಧಕನಿಗೆ ದೀಕ್ಷೆ ಕೊಡುವಾಗ ಬಿಷಪರು ಅವನ ತಲೆಯ ಮೇಲೆ ಕೈಯಿಡುತ್ತಾರೆ. ಇಲ್ಲಿಯಾದರೋ, ನೀರಿನಿಂದ ಈಗತಾನೆ ಎದ್ದ ಕೂಲಿಯವನ ತಲೆಯ ಮೇಲೆಯೂ ಒಂದು ಕೈ ಇದೆ. ಅವನಿಗೂ ಒಂದು ಸೇವೆಯು ಒಪ್ಪಿಸಲ್ಪಟ್ಟಿದೆ.

ಹೀಗಿರಲಾಗಿ, ಸಭೆಯು ತನ್ನ ಸಾಮಾನ್ಯ ಮಕ್ಕಳಿಗೆ ಮಾಡಬಹುದಾದ ಅನ್ಯಾಯಗಳು ಎರಡು. ಕಲಿಸಿ ಒಪ್ಪಿಸದಿರುವದು ಒಂದು. ಕಲಿಸದೆ ಒಪ್ಪಿಸುವದು ಇನ್ನೊಂದು. ಒಂದನ್ನು ಕಂಡು ಅಂಜಿದವರು ಇನ್ನೊಂದರೊಳಗೆ ಬೀಳುವದುಂಟು. ಆದಕಾರಣ ಎರಡನ್ನೂ ಬೇರೆ ಬೇರೆಯಾಗಿ ನೋಡುವದು ಒಳ್ಳೇದು.

ಕಲಿಸಿ ಒಪ್ಪಿಸದಿರುವದೆಂದರೇನು? ವರುಷಕ್ಕೊಮ್ಮೆ ಹಿರಿಯರನ್ನೂ ಯೌವನಸ್ಥರನ್ನೂ ಸ್ತ್ರೀಯರನ್ನೂ ಕೂಡಿಸಿ ಮೂರು ದಿವಸ ತರಬೇತು ಕೊಡುತ್ತೇವೆ. ಪಾಠಗಳು ಚೆನ್ನಾಗಿರುತ್ತವೆ, ಊಟವೂ ಚೆನ್ನಾಗಿರುತ್ತದೆ. ಅವರು ಊರಿಗೆ ಹಿಂತಿರುಗಿದ ಮೇಲೆ ಮಾತ್ರ ಎಲ್ಲಾ ಮೊದಲಿನಂತೆಯೇ. ಪಾಠ ಓದುವದಕ್ಕೂ ಕಾಣಿಕೆಯ ತಟ್ಟೆ ಹಿಡಿಯುವದಕ್ಕೂ ಅವರು ಬೇಕು. ಸಭೆಯ ಯಾವ ತೀರ್ಮಾನಕ್ಕೂ ಬೇಡ. ಹೊಲ ಉಳುವದನ್ನು ಮಗನಿಗೆ ಕಲಿಸಿ, ನಲವತ್ತು ವರುಷವಾದರೂ ಮೇಳಿಯನ್ನು ಅವನ ಕೈಗೆ ಕೊಡದ ತಂದೆಯನ್ನು ಊರವರು ಮೆಚ್ಚುವದಿಲ್ಲ. ಹಾಗೆ ಬೆಳೆದ ಮಗನು ಒಂದೋ ಮನೆ ಬಿಟ್ಟುಹೋಗುವನು, ಇಲ್ಲವೆ ಸೋಮಾರಿಯಾಗುವನು. ನಮ್ಮ ಸಭೆಗಳಲ್ಲಿ ಬಿಟ್ಟುಹೋದವರನ್ನೂ ಸೋಮಾರಿಗಳಾದವರನ್ನೂ ದೂರುವ ಮೊದಲು ಮೇಳಿಯು ಯಾರ ಕೈಯಲ್ಲಿದೆಯೆಂದು ನೋಡಬೇಕು.

ಒಪ್ಪಿಸಿದರೆ ಏನಾಗುವದೆಂಬದಕ್ಕೆ ಸಭಾಚರಿತ್ರೆಯಲ್ಲಿ ದೃಷ್ಟಾಂತಗಳಿವೆ. ಇಂಗ್ಲಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಜಾನ್ ವೆಸ್ಲಿಯ ಸಂಗಡಿಗರು ಕಟ್ಟಿದ ಕೂಟದ ಮನೆಗೆ ಸಾಲವಾಗಿತ್ತು. 1742ರಲ್ಲಿ ಅದನ್ನು ತೀರಿಸುವ ಆಲೋಚನೆ ನಡೆದಾಗ, ಪ್ರತಿಯೊಬ್ಬನೂ ವಾರಕ್ಕೆ ಒಂದು ಪೆನ್ನಿಯನ್ನು ಕೊಡಲೆಂದು ಒಬ್ಬನು ಸೂಚಿಸಿದನು. ಬಡವರು ಎಲ್ಲಿಂದ ಕೊಟ್ಟಾರೆಂದು ಆಕ್ಷೇಪಣೆ ಬಂದಾಗ, ಹನ್ನೊಂದು ಮಂದಿಯನ್ನು ತನಗೆ ಒಪ್ಪಿಸಿದರೆ ವಾರವಾರವೂ ಅವರ ಮನೆಗಳಿಗೆ ಹೋಗಿ, ಕೊಡಲಾರದವರ ಪಾಲನ್ನು ತಾನೇ ಹಾಕುವೆನೆಂದು ಅವನು ಹೇಳಿದನು. ಅದರಂತೆ ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾದವು. ಒಂದೊಂದಕ್ಕೆ ಒಬ್ಬ ನಾಯಕನು ನೇಮಕವಾದನು. ಹಣಕ್ಕಾಗಿ ಮನೆ ಮನೆಗೆ ಹೋದ ಈ ನಾಯಕರು, ಯಾವನು ಕುಡಿತಕ್ಕೆ ಬಿದ್ದಿದ್ದಾನೆ, ಯಾವ ಮನೆಯಲ್ಲಿ ಗಂಡಹೆಂಡರ ಜಗಳ, ಯಾರು ನಂಬಿಕೆಯಲ್ಲಿ ಬಳಲಿದ್ದಾರೆ ಎಂಬದನ್ನೆಲ್ಲಾ ಕಂಡು ಬಂದು ತಿಳಿಸಿದರು. ತಾನು ಬಹುಕಾಲ ಹುಡುಕುತ್ತಿದ್ದದ್ದು ಇದೇ ಎಂದು ವೆಸ್ಲಿಯು ಕಂಡುಕೊಂಡನು. ಪೆನ್ನಿಯ ಲೆಕ್ಕಕ್ಕಾಗಿ ಹುಟ್ಟಿದ ಏರ್ಪಾಡು ಆತ್ಮಗಳ ಪಾಲನೆಯ ಏರ್ಪಾಡಾಯಿತು. ಆ ನಾಯಕರಲ್ಲಿ ಬಹುಮಂದಿ ಸಾಧಾರಣ ಕೆಲಸಗಾರರೂ ವ್ಯಾಪಾರಿಗಳೂ ಆಗಿದ್ದರು, ಸ್ತ್ರೀಯರೂ ಇದ್ದರು. ಅವರಿಗೆ ಪಾಠಶಾಲೆಯು ತರಬೇತು ಕೊಡಲಿಲ್ಲ. ಒಪ್ಪಿಸಲ್ಪಟ್ಟ ಹನ್ನೊಂದು ಮಂದಿಯೇ ತರಬೇತು ಕೊಟ್ಟರು.

ಎರಡನೆಯ ದೃಷ್ಟಾಂತವು ಕೊರಿಯಾ ದೇಶದ್ದು. ಮಿಶನರಿಗಳು ಆ ದೇಶಕ್ಕೆ ಬಂದು ಐದಾರು ವರುಷಗಳಷ್ಟೇ ಆಗಿದ್ದ 1890ರಲ್ಲಿ, ಚೀನಾದೇಶದ ಶಾಂಡೊಂಗ್ ಪ್ರಾಂತದಲ್ಲಿ ಬಹುಕಾಲ ಸೇವೆ ಮಾಡಿದ್ದ ಜಾನ್ ನೀವಿಯಸ್ ಎಂಬ ಅಮೇರಿಕದ ಮಿಶನರಿಯನ್ನು ಅವರು ಸೋಲ್ ಪಟ್ಟಣಕ್ಕೆ ಕರಿಸಿ ಆಲೋಚನೆ ಕೇಳಿದರು. ಹೊಸದಾಗಿ ನಂಬಿದವರಲ್ಲಿ ಚುರುಕಾದವರನ್ನು ಕೂಡಲೇ ಸಂಬಳಕ್ಕೆ ತೆಗೆದುಕೊಳ್ಳಬೇಡಿರಿ. ಪ್ರತಿಯೊಬ್ಬನೂ ಕರೆಯಲ್ಪಟ್ಟಾಗ ಯಾವ ಉದ್ಯೋಗದಲ್ಲಿದ್ದನೋ ಅದರಲ್ಲೇ ಇದ್ದು ನೆರೆಯವರಿಗೆ ಸಾಕ್ಷಿಯಾಗಲಿ. ಸಭೆಯು ತಾನೇ ಪೋಷಿಸಬಲ್ಲಷ್ಟು ಸೇವಕರನ್ನು ಮಾತ್ರ ನೇಮಿಸಲಿ. ದೇವಾಲಯವನ್ನು ತನ್ನ ಊರಿನ ರೀತಿಯಲ್ಲಿ ತನ್ನ ಹಣದಿಂದ ಕಟ್ಟಿಕೊಳ್ಳಲಿ. ಎಲ್ಲರಿಗೂ ಸತ್ಯವೇದವನ್ನು ಕ್ರಮವಾಗಿ ಕಲಿಸಿರಿ ಎಂಬದು ಅವನ ಬುದ್ಧಿವಾದದ ಸಾರ. ಅವರು ಹಾಗೆಯೇ ನಡೆದರು. ಬೇಸಾಯದ ಕೆಲಸವಿಲ್ಲದ ಚಳಿಗಾಲದಲ್ಲಿ ಸತ್ಯವೇದದ ತರಗತಿಗಳು ಕೂಡುತ್ತಿದ್ದವು. ರೈತರು ತಮ್ಮ ಅಕ್ಕಿಯನ್ನು ತಾವೇ ತಂದು, ದೂರದ ಹಳ್ಳಿಗಳಿಂದ ನಡೆದು ಬಂದು ಕಲಿತು, ಊರಿಗೆ ಹಿಂತಿರುಗಿ ಅಲ್ಲಿಯವರಿಗೆ ಕಲಿಸುತ್ತಿದ್ದರು. ಕೊಡುವದಕ್ಕೆ ಹಣವಿಲ್ಲದವರು ದಿವಸಗಳನ್ನೇ ಕಾಣಿಕೆಯಾಗಿ ಕೊಡುವ ಪದ್ಧತಿಯೂ ಹುಟ್ಟಿತು. ವರುಷದಲ್ಲಿ ಇಷ್ಟು ದಿವಸ ನೆರೆಯೂರುಗಳಿಗೆ ಹೋಗಿ ಸುವಾರ್ತೆ ಹೇಳುವೆನೆಂದು ಬರೆಯಿಸಿ, ಅದನ್ನು ಸಲ್ಲಿಸುತ್ತಿದ್ದರು. 1907ರ ಜನವರಿಯಲ್ಲಿ ಪ್ಯೊಂಗ್ಯಾಂಗಿನಲ್ಲಿ ಹೊತ್ತಿದ ದೊಡ್ಡ ಉಜ್ಜೀವನವು ಅಂಥ ಒಂದು ತರಗತಿಯಲ್ಲಿಯೇ ಆರಂಭವಾಯಿತು. ಆ ದೇಶದ ಮೊದಲಿನ ಏಳು ಮಂದಿ ಪ್ರೆಸ್ಬಿಟೇರಿಯನ್ ಬೋಧಕರಿಗೆ ಅದೇ ವರುಷ ದೀಕ್ಷೆಯಾಯಿತು. ಕ್ರಮವನ್ನು ಗಮನಿಸಿರಿ: ಮೊದಲು ಸೇವೆಮಾಡುವ ಸಭೆ, ಆಮೇಲೆ ಅದರೊಳಗಿಂದ ಬೋಧಕರು. ಬೋಧಕರ ವಿದ್ಯೆಯನ್ನು ಸಾಕಷ್ಟು ಎತ್ತರಕ್ಕೆ ಏರಗೊಡಲಿಲ್ಲವೆಂದು ಆ ಪದ್ಧತಿಯ ಮೇಲೆ ಆಕ್ಷೇಪಣೆಯೂ ಬಂದಿದೆ. ಅದನ್ನು ಅಲ್ಲಗಳೆಯುವ ಕಾರಣವಿಲ್ಲ. ಆದರೂ ಹಳ್ಳಿಯ ವಿಶ್ವಾಸಿಯ ಕೈಗೆ ಮೇಳಿಯನ್ನು ಕೊಟ್ಟರೆ ಅವನು ಉಳುವನೆಂಬದನ್ನು ಕೊರಿಯಾ ತೋರಿಸಿತು.

ನಮ್ಮ ನಾಡಿನ ಗಾದೆಯೊಂದುಂಟು: ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಬೋಧಕರನ್ನು ನಾವು ಬಾಯಿಮಾತಿನಲ್ಲಿ ಅಯ್ಯನವರೆಂದು ಗೌರವಿಸಿ, ಮನಸ್ಸಿನಲ್ಲಿ ಸಂಬಳದ ಆಳಿನಂತೆ ಎಣಿಸಿ, ನಮ್ಮ ಪ್ರಾರ್ಥನೆಯನ್ನೂ ನಮ್ಮ ಸಾಕ್ಷಿಯನ್ನೂ ನಮ್ಮ ನೆರೆಯವನ ಮೇಲಣ ಕನಿಕರವನ್ನೂ ಅವರಿಗೆ ಗುತ್ತಿಗೆ ಕೊಟ್ಟಿದ್ದೇವೆ. ಕೆಲಸ ಹಾಳಾಗುವದು ಆ ಆಳಿನ ದೋಷದಿಂದಲ್ಲ; ಮನೆಯವರು ಜಗಲಿಯ ಮೇಲೆ ಕುಳಿತದ್ದರಿಂದ.

ಇನ್ನು ಎರಡನೆಯ ಅನ್ಯಾಯವನ್ನು ನೋಡುವ. ಕಲಿಸದೆ ಒಪ್ಪಿಸುವದು ಮೇಲೆ ನೋಡಿದರೆ ಔದಾರ್ಯದಂತೆ ಕಾಣುತ್ತದೆ. ಆತ್ಮನಿದ್ದಾನೆ, ವಿದ್ಯೆ ಯಾಕೆ? ಎಂದು ಕೇಳುವವರು ಎಲ್ಲಾ ಕಾಲದಲ್ಲಿಯೂ ಇದ್ದರು. ಅದರ ಬೆಲೆಯನ್ನು ಕೊಡುವವರು ಮಾತ್ರ ಅವರಲ್ಲ, ಬಲಹೀನರು. ನಾಲ್ಕು ವಚನಗಳನ್ನು ಬಾಯಿಪಾಠ ಮಾಡಿದವನೊಬ್ಬನು ಕ್ಷಯರೋಗಿಯ ಹಾಸಿಗೆಯ ಬಳಿ ಕುಳಿತು, ನಂಬಿಕೆಯಿದ್ದರೆ ಔಷಧವೇಕೆ ಎಂದು ಹೇಳಿದನೆನ್ನಿರಿ. ರೋಗಿಯು ಅದನ್ನು ನಂಬಿ, ದವಾಖಾನೆಯವರು ಕೊಟ್ಟ ಗುಳಿಗೆಗಳನ್ನು ನಡುವೆ ನಿಲ್ಲಿಸಿದರೆ ಅವನ ಜೀವವೇ ಹೋಗುವದು. ಸೋಂಕು ಅವನ ಮಕ್ಕಳಿಗೂ ಹತ್ತಬಹುದು. ಮಗುವನ್ನು ಕಳಕೊಂಡ ತಾಯಿಗೆ, ಇದು ನಿನ್ನ ಪಾಪದ ಫಲವೆಂದು ಒಬ್ಬನು ಹೇಳಿದರೆ, ಆ ಗಾಯವು ಅವಳ ಜೀವಮಾನದಲ್ಲಿ ಮಾಯುವದಿಲ್ಲ. ಯೋಬನ ಸ್ನೇಹಿತರು ಏಳು ದಿವಸ ನೆಲದ ಮೇಲೆ ಅವನ ಸಂಗಡ ಸುಮ್ಮನೆ ಕುಳಿತಿರುವ ತನಕ ಒಳ್ಳೇ ಸೇವಕರಾಗಿದ್ದರು. ಬಾಯಿ ತೆರೆದ ಮೇಲೆ ದೇವರ ಕೋಪಕ್ಕೆ ಗುರಿಯಾದರು. ರೋಗಿಗಳನ್ನು ಕಾಣಹೋಗುವವನು ಕಲಿಯಬೇಕಾದ ಮೊದಲನೆಯ ಪಾಠವು ಮೌನ. ಅದನ್ನು ಸಹ ಒಬ್ಬರು ಕಲಿಸಬೇಕು. ಉಪದೇಶಕರಾಗುವವರಿಗೆ ಹೆಚ್ಚಿನ ತೀರ್ಪು ಕಾದಿದೆಯೆಂದು ಯಾಕೋಬನು ಬರೆದದ್ದು ಜನರನ್ನು ಸೇವೆಯಿಂದ ಹೆದರಿಸಿ ಓಡಿಸುವದಕ್ಕಲ್ಲ. ಮಾತು ಎಷ್ಟು ಭಾರವಾದದ್ದೆಂದು ತಿಳಿಸುವದಕ್ಕೆ.

ಇನ್ನೊಂದು ಅಪಾಯವೂ ಇದೆ. ತರಬೇತೂ ವಿಚಾರಣೆಯೂ ಇಲ್ಲದೆ ಅಧಿಕಾರವನ್ನು ಸಾಮಾನ್ಯರಿಗೆ ಬಿಟ್ಟರೆ, ಅದು ಸಾಮಾನ್ಯರ ಕೈಗೆ ಬರುವದಿಲ್ಲ. ಊರಿನಲ್ಲಿ ಈಗಾಗಲೇ ಯಾರಿಗೆ ಹೊಲವೂ ಹಣವೂ ಗಟ್ಟಿಯಾದ ಗಂಟಲೂ ಇದೆಯೋ ಅವರ ಕೈಗೆ ಹೋಗುತ್ತದೆ. ಅಯ್ಯನವರ ಒಡೆತನವು ಹೋಗಿ ಗೌಡನ ಒಡೆತನವು ಬಂದರೆ ಸಭೆಗೆ ಲಾಭವೇನು? ಬಂಗಾರದ ಉಂಗುರದವನಿಗೆ ಮೇಲಿನ ಆಸನವನ್ನೂ ಬಡವನಿಗೆ ಪಾದಪೀಠದ ಬಳಿಯನ್ನೂ ತೋರಿಸುವವರನ್ನು ಯಾಕೋಬನು ಖಂಡಿಸಿದ್ದಾನೆ. ಆದುದರಿಂದ ಆರಿಸುವಾಗ ವರವನ್ನು ನೋಡಬೇಕು, ಆಸ್ತಿಯನ್ನಲ್ಲ. ಕೂಲಿಯವಳೊಬ್ಬಳಿಗೆ ದುಃಖಿತರನ್ನು ಸಂತೈಸುವ ವರವಿದ್ದರೆ ಆ ಸೇವೆಯು ಅವಳದು. ಎಫೆಸದಲ್ಲಿ ವಾಕ್ಚಾತುರ್ಯವುಳ್ಳ ಅಪೊಲ್ಲೋಸನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ಕಲಿಸಿದವರು ಗುಡಾರ ಹೊಲಿಯುವ ದಂಪತಿಗಳು, ಆ ಮಾತಿನಲ್ಲಿ ಪ್ರಿಸ್ಕಿಲ್ಲಳ ಹೆಸರು ಗಂಡನ ಹೆಸರಿಗಿಂತ ಮೊದಲು ಬಂದಿದೆ (ಅ. ಕೃ. 18:26). ಹಣದ ವಿಷಯದಲ್ಲಿಯೂ ಹಾಗೆಯೇ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಕಾಣಿಕೆಯನ್ನು ಒಯ್ಯುವಾಗ, ಯಾರೂ ತಪ್ಪುಹೊರಿಸದಂತೆ ಸಭೆಗಳು ನೇಮಿಸಿದವರನ್ನು ಪೌಲನು ಜೊತೆಗೆ ಇಟ್ಟುಕೊಂಡನು (2 ಕೊರಿಂಥ 8:18–21). ಅಪೊಸ್ತಲನೇ ಲೆಕ್ಕಕ್ಕೆ ಒಳಪಟ್ಟ ಮೇಲೆ, ಕಾಣಿಕೆಯ ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡ ಹಿರಿಯನು ಲೆಕ್ಕ ಕೇಳಿದವರ ಮೇಲೆ ಸಿಟ್ಟುಮಾಡಬಾರದು.

ಈಗ ಒಂದು ಆಕ್ಷೇಪಣೆಯನ್ನು ಕೇಳಬೇಕು. ಸೇವೆಯು ಎಲ್ಲರದೂ ಆದರೆ ದೀಕ್ಷಿತ ಬೋಧಕರು ಯಾಕೆ? ಅವರಿಗೆ ಸಂಬಳ ಯಾಕೆ? ಇದನ್ನು ಕೆಲವರು ಹಣ ಉಳಿಸುವ ಆಶೆಯಿಂದ ಕೇಳುತ್ತಾರೆ, ಕೆಲವು ಬೋಧಕರು ಭಯದಿಂದ ಕೇಳುತ್ತಾರೆ. ಉತ್ತರವು ಸರಳವಾದದ್ದು. ಊರಿನ ಮಕ್ಕಳೆಲ್ಲರೂ ಓದಬೇಕೆಂಬದರಿಂದ ಉಪಾಧ್ಯಾಯರು ಬೇಡವಾಗುವದಿಲ್ಲ, ಹೆಚ್ಚಾಗಿ ಬೇಕಾಗುತ್ತಾರೆ. ಸಭಿಕರು ಸುಮ್ಮನೆ ಕುಳಿತಿರುವ ಸಭೆಗೆ ಒಂದು ಪ್ರಸಂಗ ಮಾಡಬಲ್ಲ ಬೋಧಕನು ಸಾಕು. ಸಭಿಕರು ಸೇವೆಮಾಡುವ ಸಭೆಗೆ ಸತ್ಯವೇದವನ್ನು ಆಳವಾಗಿ ಬಲ್ಲ, ಸುಳ್ಳು ಬೋಧನೆಯನ್ನು ಗುರುತಿಸಬಲ್ಲ, ಜಗಳವನ್ನು ತಾಳ್ಮೆಯಿಂದ ಕೇಳಬಲ್ಲ ಬೋಧಕನು ಬೇಕು. ಕರ್ತನ ಭೋಜನ ಮೊದಲಾದ ಸಂಸ್ಕಾರಗಳಲ್ಲಿ ತನ್ನ ಸಭೆಯ ಕ್ರಮವನ್ನು ಪ್ರತಿಯೊಬ್ಬನೂ ಕಾಯಬೇಕು; ಕ್ರಮವು ಸ್ವಾತಂತ್ರ್ಯದ ಶತ್ರುವಲ್ಲ. ಪೌಲನು ತಾನು ಎಲ್ಲವನ್ನೂ ಹಿಡಿದುಕೊಂಡು ಕೂಡಲಿಲ್ಲ. ತನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಇತರರಿಗೆ ಕಲಿಸಲಿ ಎಂದು ತಿಮೊಥೆಯನಿಗೆ ಬರೆದನು (2 ತಿಮೊಥೆಯ 2:2). ಪೌಲ, ತಿಮೊಥೆಯ, ನಂಬಿಗಸ್ತರು, ಇತರರು. ಒಂದು ವಚನದಲ್ಲಿ ನಾಲ್ಕು ತಲೆಗಳು. ಬೋಧಕನ ಫಲವನ್ನು ಎಣಿಸಬೇಕಾದರೆ ಅವನ ಪ್ರಸಂಗ ಕೇಳಿದವರನ್ನಲ್ಲ, ಅವನಿಂದ ಕಲಿತು ಕಲಿಸುವವರನ್ನು ಎಣಿಸಬೇಕು.

ಈ ಸತ್ಯಕ್ಕೆ ಪರೀಕ್ಷೆಯ ದಿವಸವೂ ಬರುತ್ತದೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1847ರಲ್ಲಿಯೇ ಸ್ಥಳೀಯರನ್ನು ಸಿದ್ಧಮಾಡುವ ಪಾಠಶಾಲೆಯನ್ನು ಆರಂಭಿಸಿದರು. ಬಲ್ಮಠದಲ್ಲಿರುವ ಇಂದಿನ ದೈವಜ್ಞಾನ ಕಾಲೇಜಿನ ಮೂಲವು ಅದೇ. 1914ರಲ್ಲಿ ಮಹಾಯುದ್ಧವು ಹೊತ್ತಿಕೊಂಡಾಗ, ಸರಕಾರವು ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ಅವರ ದೇಶಕ್ಕೆ ಕಳುಹಿಸಿಬಿಟ್ಟಿತು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಮೊದಲಾದ ಕಡೆಗಳಲ್ಲಿ ಎಂಭತ್ತು ವರುಷ ಸಭೆಯನ್ನು ನಡಿಸಿದ ಕೈಗಳು ಒಮ್ಮೆಗೇ ಇಲ್ಲದೆ ಹೋದವು. ಬೇರೆಯವರ ಸಹಾಯ ಒದಗಿದರೂ, ದಿನದಿನದ ಭಾರವು ಈ ನಾಡಿನ ಬೋಧಕರ, ಉಪದೇಶಿಗಳ, ಶಾಲೆಯ ಉಪಾಧ್ಯಾಯರ, ಹಿರಿಯರ ಹೆಗಲ ಮೇಲೆ ಬಿತ್ತು. ಸಭೆಯು ಅಳಿಯಲಿಲ್ಲ. ಕಲಿಸಿದ್ದು ಆ ದಿವಸ ಉಳಿಸಿತು. ಮುಂಚೆಯೇ ಒಪ್ಪಿಸದೆ ಇದ್ದದ್ದು ಆ ದಿವಸ ಭಾರವಾಯಿತು.

ಇದಕ್ಕಿಂತ ಕಠಿಣವಾದ ಪರೀಕ್ಷೆಯು ಚೀನಾದೇಶದ ಸಭೆಗೆ ಬಂತು. 1949ರ ಕ್ರಾಂತಿಯ ನಂತರ ಕೆಲವು ವರುಷಗಳೊಳಗೆ ಪರದೇಶದ ಮಿಶನರಿಗಳೆಲ್ಲರೂ ಹೊರಡಬೇಕಾಯಿತು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ದೇವಾಲಯಗಳು ಮುಚ್ಚಲ್ಪಟ್ಟವು, ಬೋಧಕರು ಚದರಿಸಲ್ಪಟ್ಟರು. 1979ರಲ್ಲಿ ಬಾಗಿಲುಗಳು ತಿರಿಗಿ ತೆರೆಯಲ್ಪಟ್ಟಾಗ, ಕ್ರೈಸ್ತರು ಕಡಿಮೆಯಾಗಿರಲಿಲ್ಲ, ಹೆಚ್ಚಿದ್ದರು. ಆ ನಡುವಿನ ಕಾಲದಲ್ಲಿ ಮನೆಗಳೊಳಗೆ ಮೆಲ್ಲನೆಯ ಧ್ವನಿಯಲ್ಲಿ ಪ್ರಾರ್ಥಿಸಿ, ಕೈಯಲ್ಲಿ ಬರೆದುಕೊಂಡ ವಚನಗಳನ್ನು ಹಂಚಿಕೊಂಡು ಸಭೆಯನ್ನು ಹೊತ್ತವರು ಸಾಮಾನ್ಯ ವಿಶ್ವಾಸಿಗಳು. ಅವರಲ್ಲಿ ಸ್ತ್ರೀಯರು ಬಹಳ. ಆದರೆ ಬೋಧನೆಯ ಕೊರತೆಯಿದ್ದ ಕೆಲವು ಪ್ರದೇಶಗಳಲ್ಲಿ ವಿಪರೀತ ಬೋಧನೆಗಳೂ ಹುಟ್ಟಿ ಅನೇಕರನ್ನು ದಾರಿತಪ್ಪಿಸಿದವು. ಆ ಒಂದೇ ದೇಶದಲ್ಲಿ ನಮ್ಮ ಎರಡು ಪಾಠಗಳೂ ಇವೆ. ಸಾಮಾನ್ಯರು ಸಭೆಯನ್ನು ಹೊರಬಲ್ಲರು. ಕಲಿಸದೆ ಹೊರಿಸಿದರೆ ಎಡವಬಲ್ಲರು.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಏನು ಮಾಡತಕ್ಕದ್ದು? ಹೊಲ ಮನೆ ಬಿಟ್ಟು ಮೂರು ವರುಷ ಪಾಠಶಾಲೆಗೆ ಹೋಗುವದು ಎಲ್ಲರಿಂದಲೂ ಆಗದು. ಆ ಅಡ್ಡಿಯನ್ನು ಬೇರೆಯವರೂ ಕಂಡಿದ್ದಾರೆ. ಮಧ್ಯ ಅಮೇರಿಕದ ಗ್ವಾಟೆಮಾಲಾ ದೇಶದಲ್ಲಿ, ಹಳ್ಳಿಗಳಲ್ಲಿ ನಿಜವಾಗಿ ಸಭೆಯನ್ನು ನಡಿಸುತ್ತಿದ್ದ ಹಿರಿಯರು ಪಾಠಶಾಲೆಗೆ ಬರಲಾರರೆಂದು ಕಂಡು, 1963ರಲ್ಲಿ ಪ್ರೆಸ್ಬಿಟೇರಿಯನರು ಪಾಠಶಾಲೆಯನ್ನೇ ಅವರ ಬಳಿಗೆ ಒಯ್ದರು. ವಿದ್ಯಾರ್ಥಿಯು ತನ್ನ ಮನೆಯಲ್ಲಿ ಪಾಠವನ್ನು ಓದುವನು. ವಾರಕ್ಕೊಮ್ಮೆ ಉಪಾಧ್ಯಾಯನು ಹತ್ತಿರದ ಊರಿಗೆ ಬಂದು ಪ್ರಶ್ನೋತ್ತರ ನಡಿಸುವನು. ಈ ಪದ್ಧತಿಯು ಅಲ್ಲಿಂದ ಲೋಕದ ಅನೇಕ ಕಡೆಗಳಿಗೆ ಹಬ್ಬಿತು. ನಮ್ಮಲ್ಲಿಯೂ ಸುಗ್ಗಿ ಮುಗಿದ ಮೇಲೆ ಬಿಡುವಿನ ವಾರಗಳುಂಟು, ರಾತ್ರಿಯ ಕೂಟಗಳುಂಟು.

ಆದಕಾರಣ ಪ್ರತಿಯೊಂದು ಸಭೆಯೂ ಮುಂದಿನ ಸುಗ್ಗಿಯೊಳಗೆ ಈ ನಾಲ್ಕನ್ನು ಮಾಡಿನೋಡಲಿ. ಮೊದಲನೆಯದಾಗಿ, ಸಭೆಯವರು ಪ್ರಾರ್ಥನೆಯಿಂದ ಕೂಡಿ, ವರವನ್ನೂ ನಡತೆಯನ್ನೂ ನೋಡಿ, ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಕೆಲವರನ್ನು ತಾವೇ ಆರಿಸಲಿ, ಯೆರೂಸಲೇಮಿನಲ್ಲಿ ಏಳು ಮಂದಿಯನ್ನು ಆರಿಸಿದವರು ಜನರೇ (ಅ. ಕೃ. 6:3–6). ಎರಡನೆಯದಾಗಿ, ಆರಿಸಲ್ಪಟ್ಟವರಿಗೆ ಸಭಾಪಾಲಕರು ಒಂದು ಕೆಲಸವನ್ನು ಸಂಪೂರ್ಣವಾಗಿ ಕಲಿಸಲಿ: ರೋಗಿಯನ್ನು ಹೇಗೆ ಕಾಣಬೇಕು, ಒಂದು ಅಧ್ಯಾಯವನ್ನು ಹೇಗೆ ವಿವರಿಸಬೇಕು, ಕೂಟದ ಲೆಕ್ಕವನ್ನು ಹೇಗೆ ಬರೆಯಬೇಕು. ಓದಲಾರದವರಿಗೆ ಬಾಯಿಪಾಠದಿಂದ ಕಲಿಸಲಿ. ನಮ್ಮ ಹಳ್ಳಿಯ ಮುದುಕಿಯರು ನೂರು ಹಾಡುಗಳನ್ನು ನೆನಪಿನಲ್ಲಿಟ್ಟಿದ್ದಾರೆ. ಮೂರನೆಯದಾಗಿ, ಕಲಿಸಿದ ಕೆಲಸವನ್ನು ಇಡೀ ಸಭೆಯ ಮುಂದೆ ಪ್ರಾರ್ಥಿಸಿ ಅವರ ಕೈಗೆ ಒಪ್ಪಿಸಲಿ. ಹೀಗೆ ಒಪ್ಪಿಸಿದ ಮೇಲೆ, ಅವರು ಮಾಡಿದ್ದನ್ನು ಮರುದಿವಸ ತಾವೇ ತಿದ್ದುವ ಆಶೆಯನ್ನು ಬೋಧಕರು ಬಿಡಬೇಕು. ಸಭಿಕರು ಸಹ, ಅಯ್ಯನವರು ಬಾರದ ಹೊರತು ಪ್ರಾರ್ಥನೆಯು ಪ್ರಾರ್ಥನೆಯಲ್ಲವೆಂಬ ಭಾವನೆಯನ್ನು ಬಿಡಬೇಕು. ನಾಲ್ಕನೆಯದಾಗಿ, ತಿಂಗಳಿಗೊಮ್ಮೆ ಅವರೆಲ್ಲರೂ ಕೂಡಿ, ಮಾಡಿದ್ದನ್ನೂ ಕಂಡದ್ದನ್ನೂ ಎಡವಿದ್ದನ್ನೂ ತಿಳಿಸಲಿ. ಬೋಧಕನು ತಿದ್ದಲಿ, ತಾನೂ ಕಲಿಯಲಿ.

ಇದರಿಂದ ಬೋಧಕನ ಗೌರವವು ಕುಂದುವದೆಂದು ಯಾರೂ ಅಂಜಬಾರದು. ತಾನು ಕಡಿಮೆಯಾಗಿ ಕ್ರಿಸ್ತನು ಹೆಚ್ಚಬೇಕೆಂದು ಹೇಳಿದ ಸ್ನಾನಿಕ ಯೋಹಾನನನ್ನು ಹೆಂಗಸರಲ್ಲಿ ಹುಟ್ಟಿದವರೆಲ್ಲರೊಳಗೆ ದೊಡ್ಡವನೆಂದು ಕರ್ತನೇ ಹೊಗಳಿದನು. ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರಿಸಿ, ತಾನು ತಿರಿಗಿ ಬಾರದಿರುವದನ್ನು ತಿಳಿಸಿದಾಗ, ಸಭೆಯನ್ನು ಬಿಟ್ಟುಕೊಡುವದಕ್ಕೆ ಅವನಿಗೆ ನೋವಾಯಿತು. ಅವರು ಅವನ ಕೊರಳನ್ನು ತಬ್ಬಿಕೊಂಡು ಅತ್ತರು. ಆದರೂ ಅವನು ಅವರನ್ನು ದೇವರಿಗೂ ಆತನ ಕೃಪಾವಾಕ್ಯಕ್ಕೂ ಒಪ್ಪಿಸಿ ಹಡಗನ್ನು ಹತ್ತಿದನು. ಮೂರು ವರುಷ ಹಗಲಿರುಳು ಕಲಿಸಿದ್ದರಿಂದಲೇ ಅವನು ಹಾಗೆ ಹೊರಡಬಹುದಾಯಿತು. ಆ ಹಿರಿಯರು ದಡದಿಂದ ಊರಿಗೆ ಹಿಂತಿರುಗಿ ಮಂದೆಯನ್ನು ಕಾಯಬೇಕಾಗಿತ್ತು.

ಸಹೋದರ ಸಹೋದರಿಯರೇ, ನಿಮ್ಮ ಓಣಿಯಲ್ಲಿ ಇಂದು ರಾತ್ರಿ ಯಾರಾದರೂ ನೋವಿನಿಂದ ನಿದ್ದೆಯಿಲ್ಲದೆ ಮಲಗಿದ್ದರೆ, ಅಯ್ಯನವರು ಬರುವ ತನಕ ಕಾಯಬೇಡಿರಿ. ಕಲಿತಿರುವವರು ಹೋಗಲಿ, ಇನ್ನೂ ಕಲಿಯದವರು ಅವರ ಸಂಗಡ ಹೋಗಿ, ಬಳಿಯಲ್ಲಿ ಸುಮ್ಮನೆ ಕುಳಿತು ಕಲಿಯಲಿ.